ಹಾರುವ ತಟ್ಟೆಗಳಿಗೆ ಪ್ರವೇಶವಿಲ್ಲ

ಫ್ರಾನ್ಸಿನ ದಕ್ಷಿಣದಲ್ಲಿ ಶಾತೊನಫ್-ದ್ಯು-ಪಾಪ್ ಅಂತ ಒಂದು ಊರಿದೆ. ಜಗತ್ತಿಗೆ ಅದರ ಪರಿಚಯ ವೈನಿನಿಂದ. 1954ರಲ್ಲಿ ಅಲ್ಲಿನ ಮೇಯರ್ ಒಂದು ಆದೇಶ ಹೊರಡಿಸಿದರು. ಊರಿನ ಎಲ್ಲೆಯಲ್ಲಿ ಹಾರುವ ತಟ್ಟೆಯಾಗಲಿ, ಹಾರುವ ಸಿಗಾರ್ ಆಗಲಿ ಹಾರುವಂತಿಲ್ಲ, ಇಳಿಯುವಂತಿಲ್ಲ, ಮೇಲೇಳುವಂತಿಲ್ಲ. ಇಳಿದರೆ ತಕ್ಷಣ ಜಪ್ತಿ.

ಇಳಿಯಬಾರದು, ಒಪ್ಪೋಣ. ಗೊತ್ತಿಲ್ಲದೆ ಇಳಿದುಬಿಟ್ಟವರು ಮೇಲೇಳಲೂಬಾರದು ಅಂದರೆ ಪಾಪ, ಮಾಡುವುದಾದರೂ ಏನು? ಆದೇಶ ಜಾರಿ ಮಾಡುವ ಹೊಣೆ ಊರಿನ ಕಾವಲುಗಾರನದು. ನಕ್ಷತ್ರಗಳಾಚೆಯಿಂದ ಬಂದ ನೌಕೆ ದ್ರಾಕ್ಷಿ ಸಾಲಿನ ಮಧ್ಯೆ ಇಳಿಯುತ್ತದೆ. ಬಾಗಿಲು ತೆರೆಯುತ್ತದೆ. ಎದುರಿಗೆ ಕಾವಲುಗಾರ ಸೀಟಿ ಊದುತ್ತಾ ನಿಂತಿದ್ದಾನೆ. "ರೀ ಸ್ವಾಮಿ, ಇಲ್ಲಿ ನಿಲ್ಲಿಸಬೇಡಿ, ಗಾಡಿ ತೆಗೀರಿ. ಅಯ್ಯೋ ಬೇಡ ಬೇಡ, ತೆಗೆದರೂ ಅಪರಾಧ. ಕೀಲಿ ಕೊಡಿ ಇಲ್ಲಿ."

ಅದೆಲ್ಲ ಪ್ರಚಾರಕ್ಕೆ ಮಾಡಿದ್ದು ಅಂತ ಮೇಯರ್ ಮಗನೇ ಆಮೇಲೆ ಹೇಳಿದರು. ಆದರೂ 2016ರಲ್ಲಿ ಆಗಿನ ಮೇಯರ್, ಆದೇಶ ರದ್ದು ಮಾಡುವುದಿಲ್ಲ ಅಂದರು. ಯಾಕೆ ಮಾಡಬೇಕು? ಒಬ್ಬರೂ ಮುರಿಯದ ಕಾನೂನು ಬೇರೆ ಎಲ್ಲಿ ಸಿಗುತ್ತದೆ?

ಸೌರಮಂಡಲದ ಹೊರಗೆ 5,000ಕ್ಕೂ ಜಾಸ್ತಿ ಗ್ರಹಗಳು ಪತ್ತೆಯಾಗಿವೆ. ಜೀವ ಇದೆ ಅಂತ ಖಾತ್ರಿಯಾಗಿರುವುದು ಇವತ್ತಿಗೂ ನಮ್ಮದೊಂದರಲ್ಲೇ. ಬೇರೆ ಕಡೆ ಇರಬಹುದಾ? ಇರಬಹುದು. ವಿಜ್ಞಾನಿಗಳು "ಗೊತ್ತಿಲ್ಲ, ಹುಡುಕುತ್ತಿದ್ದೇವೆ" ಅನ್ನುತ್ತಾರೆ, ಮರ್ಯಾದಸ್ಥರ ಮಾತು. ಕಚೇರಿಗಳಿಗೆ ಮಾತ್ರ ಅಷ್ಟು ತಾಳ್ಮೆ ಇಲ್ಲ. ಅತಿಥಿ ಇದ್ದಾನೋ ಇಲ್ಲವೋ, ನಿಯಮ ಮೊದಲು ಸಿದ್ಧವಾಗಬೇಕು.

1900ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಒಂದು ಬಹುಮಾನ ಸಾರಿತು. ಬೇರೆ ಲೋಕದವರ ಜೊತೆ ಮೊದಲು ಸಂಪರ್ಕ ಸಾಧಿಸಿದವರಿಗೆ 1,00,000 ಫ್ರಾಂಕ್. ಷರತ್ತು ಒಂದೇ: ಮಂಗಳ ಗ್ರಹದವರನ್ನು ಮಾತಾಡಿಸಿದರೆ ದುಡ್ಡಿಲ್ಲ. ಅಲ್ಲಿ ಜನ ಇರುವುದು ಆಗಲೇ ಗೊತ್ತಿರುವ ವಿಷಯ, ಅದಕ್ಕೆಲ್ಲ ಬಹುಮಾನ ಯಾಕೆ ಅಂತ! ಈಗ ನೋಡಿದರೆ ಅದೇ ಮಂಗಳದ ಮೇಲೆ ರೋವರ್‌ಗಳು ಕಲ್ಲು ಕೊರೆಯುತ್ತಾ, ಎಂದೋ ಸತ್ತ ಸೂಕ್ಷ್ಮಜೀವಿಯ ಗುರುತಾದರೂ ಸಿಕ್ಕೀತೇ ಅಂತ ತಡಕಾಡುತ್ತಿವೆ.

1969ರ ಜುಲೈನಲ್ಲಿ ಚಂದ್ರನಿಂದ ವಾಪಸ್ ಬಂದ ಮೂವರದ್ದು ಇನ್ನೊಂದು ಕಥೆ. ಅವರ ಹೆಸರಿನಲ್ಲಿ ಕಸ್ಟಮ್ಸ್ ಫಾರಂ ಭರ್ತಿಯಾಗಿದೆ, ಮೂವರ ಸಹಿಯೂ ಇದೆ. ವಿಮಾನ: ಅಪೊಲೊ 11. ಹೊರಟಿದ್ದು: ಚಂದ್ರ. ತಲುಪಿದ್ದು: ಹೊನೊಲುಲು. ಸರಕು: ಚಂದ್ರನ ಕಲ್ಲು, ಚಂದ್ರನ ದೂಳು. ರೋಗ ಹರಡುವಂಥದ್ದು ಏನಾದರೂ ಇದೆಯೇ ಅನ್ನುವ ಕಡೆ, "ಇನ್ನೂ ನಿರ್ಧಾರವಾಗಬೇಕಿದೆ". ಅದೊಂದು ಸಣ್ಣ ತಮಾಷೆ ಅಂತ ನಾಸಾದವರು ಆಮೇಲೆ ಹೇಳಿದರು. ತಮಾಷೆಗಾದರೂ ಒಂದೇ ಒಂದು ಕಾಲಂ ಖಾಲಿ ಬಿಟ್ಟಿಲ್ಲ ನೋಡಿ!

ಚಂದ್ರನ ರೋಗಾಣು ಭೂಮಿಗೆ ಅಂಟದಿರಲಿ ಅಂತ ಮೂವರನ್ನೂ ಮೊಹರು ಮಾಡಿದ ಕೋಣೆಯಲ್ಲಿ ಕೂಡಿ ಹಾಕಿದರು. ತುಂಬಾ ಕಟ್ಟುನಿಟ್ಟು. ಆದರೆ ಅದಕ್ಕೂ ಮೊದಲು, ನೌಕೆ ಪೆಸಿಫಿಕ್ ಸಾಗರದಲ್ಲಿ ತೇಲುತ್ತಿದ್ದಾಗಲೇ ಬಾಗಿಲು ತೆರೆದಾಗಿತ್ತು. ರೋಗಾಣು ಏನಾದರೂ ಇದ್ದಿದ್ದರೆ ಆರಾಮಾಗಿ ಈಜಿಕೊಂಡು ಹೋಗಿರುತ್ತಿತ್ತು. ಅದರ ಹತ್ತಿರ ಫಾರಂ ಕೇಳುವವರು ಯಾರೂ ಇರಲಿಲ್ಲ.

ನಮ್ಮ ವಿಶ್ವದಾಚೆ ಇರಬಹುದು ಅಂತ ಕೆಲವು ವಿಜ್ಞಾನಿಗಳು ಊಹಿಸುವ ಬೇರೆ ವಿಶ್ವಗಳ ತಂಟೆಗೆ ಮಾತ್ರ ಯಾವ ಕಚೇರಿಯೂ ಇನ್ನೂ ಹೋಗಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ಎಲ್ಲವೂ ಕಂಪಿಸುವ ಅತಿ ಸಣ್ಣ ಎಳೆಗಳಿಂದ ಆಗಿದೆ ಅನ್ನುವ ಸ್ಟ್ರಿಂಗ್ ಸಿದ್ಧಾಂತದವರು ಹೇಳುವ ಒಂದು ಅಂದಾಜಿನಲ್ಲಿ, ಸಾಧ್ಯವಿರುವ ವಿಶ್ವಗಳ ಬಗೆಗಳೇ ಒಂದರ ಮುಂದೆ 500 ಸೊನ್ನೆ ಹಾಕಿದಷ್ಟು. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳು ಸುಮಾರು ಒಂದರ ಮುಂದೆ 80 ಸೊನ್ನೆ. ಒಂದೊಂದು ವಿಶ್ವಕ್ಕೆ ಒಂದೊಂದು ಪರಮಾಣುವಿನಷ್ಟೇ ದೊಡ್ಡ ಫಾರಂ ಅಚ್ಚು ಹಾಕಿಸಿದರೂ ಕಾಗದ ಸಾಲದು. ಮೂರು ಪ್ರತಿ ಕೇಳಿದರಂತೂ ಮುಗಿಯಿತು. ಆದರೂ ಸೈಟು ಮಾರುವವರ ಮೇಲೆ ನನಗೆ ನಂಬಿಕೆ ಇದೆ. ಯಾವ ದೇಶವೂ ಚಂದ್ರನನ್ನು ತನ್ನದು ಅನ್ನುವಂತಿಲ್ಲ ಅಂತ 1967ರ ಒಪ್ಪಂದ ಹೇಳಿತು. ದೇಶ ಅಂದಿದ್ದಾರೆ, ನನ್ನ ಹೆಸರು ಎಲ್ಲಿದೆ ಅಂತ ಒಬ್ಬ ಅಮೆರಿಕನ್ 1980ರಿಂದ ಚಂದ್ರನ ಮೇಲಿನ ಸೈಟು ಮಾರಲು ಶುರು ಮಾಡಿದ. ಕೊಳ್ಳುವವರೂ ಸಿಕ್ಕರು. ಪಕ್ಕದ ವಿಶ್ವಕ್ಕೆ ದಾರಿ ಸಿಗದಿದ್ದರೂ ಖಾತೆ ಆಗಿಯೇ ಆಗುತ್ತದೆ.

ಇನ್ನು ಅನ್ಯಲೋಕದಿಂದ ನಿಜವಾಗಿಯೂ ಒಂದು ಸಂದೇಶ ಬಂತು ಅಂತಿಟ್ಟುಕೊಳ್ಳಿ. ಏನು ಮಾಡಬೇಕು ಅಂತ ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿ 1989ರಲ್ಲೇ ಬರೆದಿಟ್ಟಿದೆ. ಅಂತರರಾಷ್ಟ್ರೀಯ ಸಮಾಲೋಚನೆ ಆಗುವ ತನಕ ಯಾರೂ ಉತ್ತರ ಕೊಡಬಾರದು. ಯಾವ ಭಾಷೆಯಲ್ಲಿ ಬರೆಯಬೇಕು, ಮೊದಲ ಸಹಿ ಯಾರದ್ದು, ಸಭೆಯಲ್ಲಿ ಯಾರ ಪಕ್ಕ ಯಾರು ಕೂರಬೇಕು, ಇಷ್ಟು ತೀರ್ಮಾನವಾಗುವಷ್ಟರಲ್ಲಿ ಆ ಕಡೆಯವರ ನಕ್ಷತ್ರವೇ ಆರಿಹೋದೀತು.

ತಮಾಷೆ ಏನಂದರೆ, ನಾವು ಮೊದಲೇ ಮಾತಾಡಿಬಿಟ್ಟಿದ್ದೇವೆ. 1974ರ ನವೆಂಬರ್‌ನಲ್ಲಿ ಪೋರ್ಟೊರಿಕೊದ ಅರೆಸಿಬೊ ದೂರದರ್ಶಕವನ್ನು ನವೀಕರಿಸಿದ ಸಮಾರಂಭ ನಡೆಯಿತು. ಅಲ್ಲಿಂದ ಸುಮಾರು 3 ನಿಮಿಷದ ರೇಡಿಯೋ ಸಂದೇಶವನ್ನು ಎಂ13 ಅನ್ನುವ ನಕ್ಷತ್ರಗುಚ್ಛದ ಕಡೆಗೆ ಹಾರಿಸಿದರು. ಲೋಕದ ಜನರನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಅದು ಅಲ್ಲಿ ಮುಟ್ಟಲು ಸುಮಾರು 25,000 ವರ್ಷ ಬೇಕು. ಅವರು ಅವತ್ತೇ ಉತ್ತರ ಬರೆದರೂ ಬರಲು ಇನ್ನೊಂದು 25,000 ವರ್ಷ. ಕಳಿಸಿದ ಅರೆಸಿಬೊ ಮಾತ್ರ 2020ರ ಡಿಸೆಂಬರ್‌ನಲ್ಲೇ ಕುಸಿದುಬಿತ್ತು. ವಿಳಾಸ ಬದಲಾಗಿದೆ ಅಂತ ಅವರಿಗೆ ತಿಳಿಸೋಣ ಅಂದರೆ, ಅದಕ್ಕೀಗ ಸಮಾಲೋಚನೆ ಆಗಬೇಕು.