ಬಂಗಾರ, ಭಂಗಾರ್ ಮತ್ತು ಒಂದು ಮಿಕ್ಸರ್

ಅಮ್ಮ ಊರಿಂದ ಮೊದಲ ಸಲ ಮುಂಬೈ ಪಕ್ಕದ ಡೊಂಬಿವಲಿಗೆ ಬಂದದ್ದು 1998ರಲ್ಲಿ. ಮರುದಿನ ಬೆಳಿಗ್ಗೆ ಬೆಂಡೆಕಾಯಿ ಹೆಚ್ಚುತ್ತ ಕೂತಿದ್ದಾಗ ಕೆಳಗೆ ರಸ್ತೆಯಲ್ಲಿ ಒಬ್ಬ ಕೂಗಿದ, "ಭಂಗಾ...ರ್! ಭಂಗಾರ್ವಾಲೇ!"

ಅಮ್ಮ ಈಳಿಗೆಮಣೆ ಬಿಟ್ಟು ಕಿಟಕಿಗೆ ಓಡಿದರು. ಮೂರನೇ ಮಹಡಿಯಿಂದ ಕೈಗಾಡಿ ಕಾಣುತ್ತಿತ್ತು, ಗಾಡಿಯಲ್ಲಿ ಏನಿದೆ ಅಂತ ಕಾಣುತ್ತಿರಲಿಲ್ಲ.

"ಅಲ್ಲ ಮಾರಾಯ, ನಿಮ್ಮ ಬೊಂಬಾಯಲ್ಲಿ ಬಂಗಾರವನ್ನೂ ಬಸಳೆ ಹಾಗೆ ಗಾಡಿಯಲ್ಲಿ ಮಾರ್ತಾರಾ?"

ಅದು ಬಂಗಾರ ಅಲ್ಲ, ಭಂಗಾರ್, ಮರಾಠಿಯಲ್ಲಿ ಹಾಗಂದರೆ ಗುಜರಿ ಅಂತ ವಿವರಿಸಿದೆ. ಹೊಟ್ಟೆ ಸೀಳದಿದ್ದರೆ ಚಿನ್ನ, ಸೀಳಿದರೆ ಗುಜರಿ. ಒಂದು ಸಣ್ಣ ಗೀಟಿನ ವ್ಯತ್ಯಾಸ, ಅಷ್ಟೇ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ತಲೆಯೆತ್ತಿ ನಮ್ಮ ಅಟ್ಟ ನೋಡಿದರು.

"ಹಾಗಾದರೆ ನಿನ್ನ ಹತ್ತಿರ ಬೇಕಾದಷ್ಟು ಇದೆ ಬಿಡು."

ಇಲ್ಲಿನವರು ಮಾಳಾ ಅನ್ನುವ ಆ ಅಟ್ಟ ನಮ್ಮ ಅಡುಗೆಮನೆಯ ನೆತ್ತಿಯ ಮೇಲಿದೆ. ಅದರಲ್ಲಿ ನಾಲ್ಕು ಕಡ್ಡಿ ಮುರಿದ ಎರಡು ಕೊಡೆಗಳಿವೆ (ಎರಡೂ ಸೇರಿದರೆ ಒಂದು ಒಳ್ಳೆ ಕೊಡೆ ಆಗುತ್ತದೆ). ಕುಕ್ಕರಿನ ಹಳೇ ಗ್ಯಾಸ್ಕೆಟ್‌ಗಳಿವೆ. ಮದುವೆ ಕರೆಯೋಲೆಗಳ ಕಟ್ಟು ಇದೆ, ಹಿಂಬದಿ ಖಾಲಿ ಇರುವವು ಮಾತ್ರ. ಕಿವಿ ಮುರಿದ ಇಸ್ತ್ರಿಪೆಟ್ಟಿಗೆ ಇದೆ. ಯಾವುದನ್ನು ಕೆಳಗಿಳಿಸಿ ಕೇಳಿದರೂ ನನ್ನ ಉತ್ತರ ಒಂದೇ, "ಯಾವುದಕ್ಕಾದರೂ ಬೇಕಾಗ್ತದೆ."

ನನ್ನ ಹೆಂಡತಿ ಧಾರವಾಡದವಳು. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವ ಮನೆತನ. ಉಳಿತಾಯ ಅವಳಿಗೇನೂ ಹೊಸದಲ್ಲ. ಆದರೆ ಕೌದಿ ಹೊದೆಯೋಕೆ ಬರುತ್ತದೆ, ನಿಮ್ಮ ಗ್ಯಾಸ್ಕೆಟ್ ಯಾತಕ್ಕ ಬರ್ತದ, ಇದು ಅವಳ ವಾದ. ವಾದದಲ್ಲಿ ಹುರುಳಿದೆ. ಅದಕ್ಕೇ ನಾನು ಉತ್ತರ ಕೊಡಲು ಹೋಗುವುದಿಲ್ಲ.

ಒಂದೇ ಒಂದು ಸಲ ಕಾಲ ನನ್ನ ಕಡೆ ಬಂದಿತ್ತು. 2018ರ ಜೂನ್ 23ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದರೆ ದಂಡ ಅಂತ ಆಯಿತು. ಮೊದಲ ಸಲ ಸಿಕ್ಕಿಬಿದ್ದರೆ 5,000 ರೂಪಾಯಿ. ಕಟ್ಟಡದವರೆಲ್ಲ ಬಟ್ಟೆ ಚೀಲಕ್ಕೆ ಪರದಾಡುತ್ತಿದ್ದರೆ ನಾನು ಅಟ್ಟದಿಂದ ನನ್ನ ಹಳೇ ಪ್ಯಾಂಟುಗಳನ್ನು ಇಳಿಸಿದೆ. ಒಂದೊಂದು ಕಾಲಿಗೆ ಒಂದೊಂದು ಚೀಲ. ತುದಿ ಹೊಲಿದು, ಮೇಲೆ ಹಿಡಿಕೆ ಇಟ್ಟರೆ ಮುಗಿಯಿತು. ಸೊಂಟದ ಭಾಗ ಉಳಿದದ್ದರಲ್ಲಿ ಒಂದು ದೊಡ್ಡ ಚೀಲ, ಜೇಬು ಸಮೇತ. ಜೇಬಿನಲ್ಲಿ ಚಿಲ್ಲರೆ, ಹೊಟ್ಟೆಯಲ್ಲಿ ಆಲೂಗಡ್ಡೆ. ಹೆಮ್ಮೆಯಿಂದ ಮಾರ್ಕೆಟ್ಟಿಗೆ ಹೋದೆ. ಕೊತ್ತಂಬರಿ ಕೊಳ್ಳುವಾಗ ಆಫೀಸಿನ ಸಹೋದ್ಯೋಗಿ ಎದುರಾದರು. ಚೀಲವನ್ನೇ ದಿಟ್ಟಿಸಿ ನೋಡಿದರು. "ಇದು ನಿಮ್ಮ ಪ್ರಮೋಷನ್ ಇಂಟರ್‌ವ್ಯೂ ಪ್ಯಾಂಟ್ ಅಲ್ವಾ?"

ಹೌದು. ಆ ಪ್ರಮೋಷನ್ ಸಿಕ್ಕಿರಲಿಲ್ಲ. ಪ್ಯಾಂಟಾದರೂ ಮೇಲೆ ಬರಲಿ ಅಂತ ಚೀಲ ಮಾಡಿದ್ದೆ.

ಅದಿರಲಿ, ನಾನು ಹೇಳಹೊರಟದ್ದು ಮಿಕ್ಸರಿನ ಕತೆ.

ನಮ್ಮ ಮಿಕ್ಸರ್ ಮದುವೆಗೆ ಬಂದ ಉಡುಗೊರೆ. ದೊಡ್ಡತ್ತೆ ಕೊಟ್ಟದ್ದು. ಆ ಕಾಲದ ಪದ್ಧತಿಯಂತೆ ಸ್ಟೀಲ್ ಜಾರಿನ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದರು, 'ದೊಡ್ಡತ್ತೆಯ ಪ್ರೀತಿಯ ಉಡುಗೊರೆ, 12-5-96'. ಕಲ್ಲಿನಂಥ ಮಾಲು. ಹೆಂಡತಿಗೆ ಹೊಸ ಮಿಕ್ಸರ್ ಬೇಕು ಅಂತ ಆಸೆಯಾಗಿ ಹದಿನೈದು ವರ್ಷವಾಗಿತ್ತು. ಇದು ಕೆಟ್ಟ ಮೇಲೆ ತರೋಣ ಅಂತ ನಾನು ಮಾತು ಕೊಟ್ಟಿದ್ದೆ. ಅದು ಕೆಡಲಿಲ್ಲ. ಗಟ್ಟಿ ಸಾಮಾನಿನ ಕಷ್ಟ ಇದೇ ನೋಡಿ. ಕೊಂಡವನಿಗೆ ಖುಷಿ, ಜೊತೆಗೆ ಸಂಸಾರ ಮಾಡುವವರಿಗೆ ಶಿಕ್ಷೆ.

ಕೊನೆಗೂ ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಉದ್ದಿನಬೇಳೆ ರುಬ್ಬುತ್ತಿರುವಾಗ ಅದು 'ಗೂಂ' ಎಂದು ನಿಂತಿತು. ಅಡುಗೆಮನೆಯಲ್ಲಿ ಒಂದು ಕ್ಷಣ ಮೌನ. ಆಮೇಲೆ ಹೆಂಡತಿಯ ದನಿ ಕೇಳಿತು. ಆ ದನಿಯಲ್ಲಿ ದುಃಖ ಇರಲಿಲ್ಲ.

"ಸತ್ತದ ಬಿಡ್ರಿ."

ನಾನು ಬಿಡುವವನಾ? ಸ್ಕ್ರೂಡ್ರೈವರ್ ತಂದೆ. ಕಾಗದ ಹಾಸಿ ಕೂತು ಮಿಕ್ಸರನ್ನು ಬಿಚ್ಚಿದೆ. ಬಿಚ್ಚುವಾಗ ಹೆಂಡತಿಗೆ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ನಮ್ಮ ದೇಶದ ಮಿಕ್ಸರ್ ಹುಟ್ಟಿದ್ದೇ ರಿಪೇರಿಯ ಕಷ್ಟದಿಂದ. ಮಾಧುರಿ ಮಾಥುರ್ ಎಂಬವರ ಮನೆಯ ವಿದೇಶಿ ಮಿಕ್ಸರ್ ಸುಟ್ಟುಹೋಯಿತು, ರಿಪೇರಿ ಆಗಲಿಲ್ಲ. ಅವರ ಗಂಡ ಸತ್ಯಪ್ರಕಾಶ್ ಮಾಥುರ್ ಎಂಜಿನಿಯರು. ನಮ್ಮ ಬೇಳೆ, ಮಸಾಲೆ, ಅರಿಶಿನ ತಡೆಯುವಂಥ ಮೋಟರು ಹಾಕಿ 1963ರಲ್ಲಿ ತಾವೇ ಒಂದು ಮಿಕ್ಸರ್ ಮಾಡಿಬಿಟ್ಟರು. ಅದೇ ಸುಮೀತ್.

"ಅವರು ಎಂಜಿನಿಯರ್ ಇದ್ರು," ಎಂದಳು ಹೆಂಡತಿ. "ನೀವು ಅಕೌಂಟ್ಸ್."

ಒಳಗೆ ನೋಡಿದರೆ ಕಾರ್ಬನ್ ಬ್ರಷ್ ಸವೆದಿತ್ತು. ಬ್ರಷ್ ಅಂದರೆ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಏನಿಲ್ಲ. ಪೆನ್ಸಿಲ್ ಸೀಸದಂಥ ಎರಡು ಕಪ್ಪು ತುಂಡು, ಹಿಂದೊಂದು ಪುಟ್ಟ ಸ್ಪ್ರಿಂಗು. ಮೋಟರಿನ ತಿರುಗುವ ತಾಮ್ರದ ಬಳೆಗೆ ಅವು ಎರಡೂ ಕಡೆಯಿಂದ ಒತ್ತಿಕೊಂಡು ಕರೆಂಟು ದಾಟಿಸುತ್ತವೆ. ಉಜ್ಜಿ ಉಜ್ಜಿ ತಾವು ಸವೆಯುತ್ತವೆ, ಮೋಟರನ್ನು ಉಳಿಸುತ್ತವೆ. ನನ್ನ ಬೆರಳೆಲ್ಲ ಕಾಡಿಗೆ ಮುಟ್ಟಿದ ಹಾಗೆ ಕಪ್ಪಾಯಿತು. ರೋಗ ಸಿಕ್ಕಿತು! ಇನ್ನೂ ಅರ್ಧಕ್ಕಿಂತ ಜಾಸ್ತಿ ಬ್ರಷ್ ಉಳಿದಿತ್ತು ಅನ್ನುವುದು ಆವತ್ತು ನನ್ನ ಕಣ್ಣಿಗೆ ಬೀಳಲಿಲ್ಲ.

ಬಿಡಿಭಾಗ ಜೇಬಿಗೆ ಹಾಕಿಕೊಂಡು ಲೋಕಲ್ ಟ್ರೇನ್ ಹತ್ತಿದರೆ ಕಳೆದುಹೋಗುವುದು ಗ್ಯಾರಂಟಿ. ಹಾಗಾಗಿ ಒಂದು ಕರೆಯೋಲೆಯ ಹಿಂದೆ ಬ್ರಷ್ ಇಟ್ಟು ಪೆನ್ಸಿಲಿನಲ್ಲಿ ಸುತ್ತ ಗೀಟು ಎಳೆದೆ. ಬ್ರಷ್ ವಾಪಸ್ ಒಳಗಿಟ್ಟು ಮಿಕ್ಸರ್ ಮುಚ್ಚಿದೆ. ಕರೆಯೋಲೆ ಬೇಕಾಯಿತೋ ಇಲ್ಲವೋ ನೋಡು ಅಂತ ಹೆಂಡತಿಗೆ ತೋರಿಸಿ ಹೊರಟೆ.

ಮುಂಬೈಯಲ್ಲಿ ಕರೆಂಟಿನ ಸಾಮಾನು ಅಂದರೆ ಲೋಹಾರ್ ಚಾಳ್. ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರ. ಆದರೆ ಆವತ್ತು ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಹಳಿ ರಿಪೇರಿಗೆ ಅಂತ ಟ್ರೇನು ಕಡಿಮೆ. ನಿಂತು, ತೆವಳಿ, ಮತ್ತೆ ನಿಂತು ಕೊನೇ ಸ್ಟೇಷನ್ ಸಿಎಸ್‌ಎಂಟಿ ಮುಟ್ಟುವಾಗ ಊಟದ ಹೊತ್ತು. ಬಿಸಿಲಲ್ಲಿ ನಡೆದು ಹೋದರೆ ಲೋಹಾರ್ ಚಾಳಿನ ಶಟರುಗಳೆಲ್ಲ ಕೆಳಗೆ. ಭಾನುವಾರ! ಮೂವತ್ತು ವರ್ಷ ಮುಂಬೈಯಲ್ಲಿ ಇದ್ದವನಿಗೆ ಇಷ್ಟೂ ಹೊಳೆಯಲಿಲ್ಲ. ಶಟರಿನ ಮುಂದೆ ಮಲಗಿದ್ದ ನಾಯಿಯೊಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿತು.

ಬರಿಗೈಯಲ್ಲಿ ವಾಪಸ್ ಹೋಗುವುದು ಹೇಗೆ? ಮೊಹಮ್ಮದಲಿ ರೋಡ್ ಹಿಡಿದು ಚೋರ್ ಬಜಾರಿಗೆ ನಡೆದೆ. ಅಲ್ಲಿ ರಜೆ ಶುಕ್ರವಾರ. ಅದರ ಹೆಸರಿನ ಬಗ್ಗೆಯೂ ಒಂದು ಕತೆ ಇದೆ. ಮೊದಲು ಗದ್ದಲದ ಪೇಟೆ ಅಂತ ಅದು ಶೋರ್ ಬಜಾರ್ ಆಗಿತ್ತಂತೆ, ಇಂಗ್ಲಿಷರ ಬಾಯಲ್ಲಿ ಚೋರ್ ಆಯಿತಂತೆ. ನಮ್ಮಮ್ಮ ಭಂಗಾರನ್ನು ಬಂಗಾರ ಮಾಡಿದರು, ಅವರು ಗದ್ದಲವನ್ನು ಕಳ್ಳತನ ಮಾಡಿದರು. ಅಮ್ಮನೇ ವಾಸಿ.

ಮಟನ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಗ್ರಾಮಫೋನಿನ ಕೊಂಬು, ಹಡಗಿನ ದೀಪ, ಗೋಡೆ ಗಡಿಯಾರಗಳ ನಡುವೆ ನಮ್ಮ ಮಿಕ್ಸರಿನದೇ ಅವಳಿ ಕೂತಿತ್ತು. ಅದೇ ಮಾಡೆಲ್, ಅದೇ ಬಿಳಿ. ಕರೆಯೋಲೆ ತೆಗೆದು ಗೀಟು ತೋರಿಸಿ ಬ್ರಷ್ ಮಾತ್ರ ಕೊಡು ಎಂದೆ. ಅವನು ಕರೆಯೋಲೆ ತಿರುಗಿಸಿ ವಧೂವರರ ಹೆಸರು ಓದಲು ನೋಡಿದ, ಆಗಲಿಲ್ಲ. "ಪೂರಾ ಲೇ ಜಾವ್ ಅಂಕಲ್. ತೀನ್ ಸೌ."

ನಲವತ್ತು ರೂಪಾಯಿಯ ಬ್ರಷ್ಷಿಗೆ ಮುನ್ನೂರರ ಮಿಕ್ಸರ್. ಆದರೆ ಲೆಕ್ಕ ಹಾಕಿ, ಬ್ರಷ್ ಜೊತೆಗೆ ಒಂದು ಮೋಟರು, ಸ್ವಿಚ್ಚು, ವೈರು ಎಲ್ಲ ಫ್ರೀ ಅಲ್ವಾ! ಕೊಂಡೆ. ಟ್ರೇನಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಂದೆ. ಕಲ್ಯಾಣದ ಕಡೆಯ ಒಬ್ಬರು ಘಾಟ್‌ಕೋಪರ್‌ನಿಂದ ಠಾಣೆಯವರೆಗೆ ಅದನ್ನೇ ನೋಡಿ, "ಚಲತಾ ಹೈ ಕ್ಯಾ?" ಎಂದರು. ನಹೀಂ ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ಮನೆಗೆ ಬಂದರೆ ಅಡುಗೆಮನೆಯ ಕಟ್ಟೆ ಖಾಲಿ.

"ಮಿಕ್ಸರ್ ಎಲ್ಲಿ?"

"ಭಂಗಾರನವ ಬಂದಿದ್ದ. ಕೊಟ್ಟೆ. ಒಳಗ ತಾಮ್ರ ಅದ ಅಂತ ನೂರೈವತ್ತು ಕೊಟ್ಟ." ನನ್ನ ತೋಳಿನಲ್ಲಿದ್ದ ಕೂಸನ್ನು ನೋಡಿದಳು. "ಇದೇನು?"

ಕಿಡ್ನಿ ಕೊಡುವವನನ್ನು ಊರೆಲ್ಲ ಹುಡುಕಿ ಕರೆತಂದರೆ ರೋಗಿಯನ್ನೇ ತೂಕಕ್ಕೆ ಹಾಕಿದ್ದರು. ಹೊಸ ಮಿಕ್ಸರಿಗೆ ಫೋನಿನಲ್ಲಿ ಆರ್ಡರೂ ಹೋಗಿತ್ತು. ಮಂಗಳವಾರ ಬರುತ್ತದಂತೆ. ಆ ರಾತ್ರಿ ಅರ್ಧ ರುಬ್ಬಿದ ಉದ್ದಿನಬೇಳೆ ಫ್ರಿಜ್ಜಿನಲ್ಲಿ ಕೂತಿತು. ನಾವಿಬ್ಬರೂ ಅವಲಕ್ಕಿ ತಿಂದು ಮಲಗಿದೆವು.

ಸೋಮವಾರ ಆಫೀಸಿಂದ ಬರುವಾಗ ಸ್ಟೇಷನ್ ಹತ್ತಿರದ ಭಂಗಾರ್ ಅಂಗಡಿಗೆ ಹೋದೆ. ರದ್ದಿ ಪೇಪರಿನ ಗುಡ್ಡೆ, ಮುಂದೆ ತಕ್ಕಡಿ, ಹಿಂದೆ ಹಲಗೆಯ ಮೇಲೆ ನಮ್ಮ ಮಿಕ್ಸರು. ಮೈ ಒರೆಸಿ ಹೊಳೆಯುವ ಹಾಗೆ ಇಟ್ಟಿದ್ದ. ಬೆಲೆ ಕೇಳಿದೆ. ಸಾಡೇಚಾರ್‌ಸೌ.

"ಇದು ಕೆಟ್ಟದ್ದು," ಎಂದೆ ಹಿಂದಿಯಲ್ಲಿ. ಅವನಿಗೆ ಅವಮಾನವಾಯಿತು. ವೈರು ಸಿಕ್ಕಿಸಿ ಒತ್ತಿದ. ಭರ್ರೋ ಅಂತ ತಿರುಗಿತು, ಮದುವೆಯ ಮೊದಲ ವರ್ಷದ ಸದ್ದು!

"ಏನು ಮಾಡಿದೆ? ಬ್ರಷ್ ಹಾಕಿದೆಯಾ?"

"ಕಾಯ್ಕಾ ಬ್ರಷ್? ಉಲ್ಟಾ ಕಿಯಾ, ಲಾಲ್ ಬಟನ್ ದಬಾಯಾ, ಬಸ್."

ಮಿಕ್ಸರನ್ನು ಬೋರಲು ಹಾಕಿ ತೋರಿಸಿದ. ತಳದಲ್ಲಿ ತೊಗರಿಕಾಳಿನಷ್ಟು ಒಂದು ಕೆಂಪು ಗುಂಡಿ. ಭಾರ ಜಾಸ್ತಿಯಾಗಿ ಮೋಟರು ಬಿಸಿಯಾದರೆ ಸುಟ್ಟುಹೋಗದಿರಲಿ ಅಂತ ಅದು ತಾನೇ ಹೊರಗೆ ಹಾರಿ ಕರೆಂಟು ಕಡಿಯುತ್ತದೆ. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು ಒಳಗೆ ಒತ್ತಿದರೆ ಆಯಿತು. ನಾನು ನಾಲ್ಕು ಸ್ಕ್ರೂ ಬಿಚ್ಚಿದ್ದು ಆ ಗುಂಡಿಯ ಪಕ್ಕದಲ್ಲೇ.

ಬೆಲೆ ಇಳಿಸು ಎಂದೆ. ಅವನು ಜಾರ್ ತಿರುಗಿಸಿ ತಳ ತೋರಿಸಿದ. ಚುಕ್ಕಿ ಚುಕ್ಕಿ ಕನ್ನಡ ಅಕ್ಷರ. ಅದರ ಮೇಲೆ ಬೆರಳಿಟ್ಟು ಗಂಭೀರವಾಗಿ ಹೇಳಿದ, "ಬಾಹರ್ ಕಾ ಮಾಲ್ ಹೈ, ಸಾಬ್. ದೇಖೋ, ಕಂಪನಿ ಕಾ ನಾಮ್ ಲಿಖಾ ಹೈ."

ದೊಡ್ಡತ್ತೆ ಕುಂದಾಪುರ ದಾಟಿ ಹೋದವರಲ್ಲ. ಅವರು ವಿದೇಶಿ ಕಂಪನಿ ಆದದ್ದು ಕೇಳಿದ್ದರೆ ಎಷ್ಟು ನಗುತ್ತಿದ್ದರೋ. ನಾಲ್ಕುನೂರ ಐವತ್ತೂ ಎಣಿಸಿ ಕೊಟ್ಟೆ.

ಮಂಗಳವಾರ ಹೊಸದು ಬಂತು. ಆರುನೂರು ರೂಪಾಯಿ ನಷ್ಟ, ನಲವತ್ತೈದು ಚದರಡಿ ಅಡುಗೆಮನೆ, ಮೂರು ಮಿಕ್ಸರು. ಹೆಂಡತಿ ಹೊಸದರ ಡಬ್ಬ ಬಿಚ್ಚಿ, ನೋಡಿ, ಸವರಿ, ಥರ್ಮಾಕೋಲ್ ಸಮೇತ ಹಾಗೇ ಮುಚ್ಚಿದಳು. "ಛಲೋ ಅದ. ದಿನಾ ರುಬ್ಬಿದ್ರ ಹಾಳಾಗ್ತದ. ಯಾರಾದ್ರೂ ಬಂದಾಗ ತೆಗೀತೀನಿ." ಅದು ಅಟ್ಟ ಹತ್ತಿತು. ಚೋರ್ ಬಜಾರಿನ ಅವಳಿಯೂ ಅದರ ಪಕ್ಕದಲ್ಲಿದೆ. ಯಾವುದಕ್ಕಾದರೂ ಬೇಕಾಗ್ತದೆ.

ಬುಧವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಒಳಗೆ ಹಳೇ ಮಿಕ್ಸರಿನಲ್ಲಿ ಚಟ್ನಿ ಆಗುತ್ತಿತ್ತು. ಒಣಕೊಬ್ಬರಿ ಜಾಸ್ತಿ ಹಾಕಿದ್ದಳೋ ಏನೋ, 'ಗೂಂ' ಎಂದು ನಿಂತಿತು. ನಾನು ಏಳುವಷ್ಟರಲ್ಲಿ ಹೆಂಡತಿ ಕಿಟಕಿಯ ಹೊರಗೆ ನೋಡುತ್ತ ಪಕ್ಕದ ಮನೆಯವಳ ಜೊತೆ ಮಾತಾಡುತ್ತಲೇ ಎಡಗೈಯಲ್ಲಿ ಮಿಕ್ಸರನ್ನು ಸ್ವಲ್ಪ ಎತ್ತಿದಳು. ಹೆಬ್ಬೆರಳನ್ನು ತಳಕ್ಕೆ ತೂರಿಸಿದಳು. ಟಿಕ್ ಅಂತ ಸದ್ದಾಯಿತು. ನೋಡುವ ಅಗತ್ಯವೇ ಅವಳಿಗೆ ಬೀಳಲಿಲ್ಲ.

ನಾನು ಬಾಗಿಲಲ್ಲಿ ನಿಂತಿದ್ದೆ. "ಎಷ್ಟು ವರ್ಷದಿಂದ ಗೊತ್ತಿತ್ತು?"

"ಏನ್ರೀ?" ಎಂದಳು, ಮಿಕ್ಸರ್ ಚಾಲೂ ಮಾಡುತ್ತ. "ಏನೂ ಕೇಳಸ್ಲಿಲ್ಲ."