ಬೇಕಲದ ಆಚೆಗೂ ಕಾಸರಗೋಡು ಇದೆ

ಕಾಸರಗೋಡಿನಲ್ಲಿ ಎರಡು ದಿನ ಸುತ್ತುವುದು ಹೇಗೆ ಎಂಬ ಲೇಖನ ಓದಿದೆ. ಚೆನ್ನಾಗಿದೆ, ಆದರೆ ಅರ್ಧಕ್ಕರ್ಧ ಬೇಕಲ ಕೋಟೆಯೇ ಆಯ್ತು ಅಲ್ವಾ? ಕೆಳದಿಯ ಶಿವಪ್ಪ ನಾಯಕರ ಕಾಲದ ಕೋಟೆ, ಸುಮಾರು 40 ಎಕರೆ, ನೋಡಲೇಬೇಕು ಸರಿ. ಮಧ್ಯಾಹ್ನ ಮಾತ್ರ ಹೋಗಬೇಡಿ. ಒಳಗೆ ನೆರಳು ಕಮ್ಮಿ, ಮುರಕಲ್ಲು ಕಾದಿರುತ್ತದೆ.

ನಾವು ಇಲ್ಲಿಯವರು ಬೆಳಗ್ಗೆ ಬೇಗ ಎದ್ದರೆ ಹೋಗುವುದು ಪೊಸಡಿ ಗುಂಪೆಗೆ. ಬರೀ ಹುಲ್ಲಿನ ಗುಡ್ಡ, ಸಮುದ್ರಮಟ್ಟದಿಂದ ಸುಮಾರು 1,000 ಅಡಿ. ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ತುದಿಗೆ ಹೋಗುವಾಗ ಎಲ್ಲರ ಚಪ್ಪಲಿಯೂ ಇಬ್ಬನಿಯಲ್ಲಿ ಒದ್ದೆ. ಮಂಜು ಸರಿದ ಮೇಲೆ ಪಡುವಣದಲ್ಲಿ ಸಮುದ್ರ ಬೆಳ್ಳಿಗೆರೆಯ ಹಾಗೆ ಕಂಡಿತು. ಚಿಕ್ಕವನಿಗೆ ಅದೆಲ್ಲ ಬೇಡ, "ಗೋಳಿಬಜೆ ಎಲ್ಲಿ ಸಿಗ್ತದೆ ಮಾವ?" ಅಂತ ಒಂದೇ ಹಟ. ಕೆಳಗೆ ಗೂಡಂಗಡಿಯಲ್ಲಿ ಸಿಕ್ಕಿತು, ಕಾಯಿಚಟ್ನಿ ಸಮೇತ.

ಊಟದ ವಿಷಯದಲ್ಲಿ ಲೇಖಕರು ಬಿರಿಯಾನಿಗೇ ನಿಂತುಬಿಟ್ಟಿದ್ದಾರೆ. ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನ, ನೀರುದೋಸೆ ಎಲ್ಲಿ ಹೋದವು?

ಇನ್ನೊಂದು ಮಾತು. ಅನಂತಪುರ ದೇವಸ್ಥಾನದ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ನೋಡಬಹುದು ಅಂತ ಬರೆದಿದ್ದೀರಿ. ಬಬಿಯಾ 2022ರ ಅಕ್ಟೋಬರಿನಲ್ಲೇ ತೀರಿಕೊಂಡಿದೆ. ಮರುವರ್ಷ ಕಂಡದ್ದು ಬೇರೆ ಮೊಸಳೆ. ದಯವಿಟ್ಟು ತಿದ್ದಿ.

ಮಳೆಗಾಲ ಮುಗಿದ ಮೇಲೆ ಬಂದರೆ ರಾತ್ರಿ ಯಕ್ಷಗಾನ ಬಯಲಾಟವೂ ಸಿಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಜಿಲ್ಲೆ ಇದು, ಸುಮ್ನೆ ಅಲ್ಲ! ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಂ ನೋಡಲು ಹೋದರೆ ಮೊಬೈಲ್ ಫ್ಲ್ಯಾಶ್ ಆಫ್ ಮಾಡಿಕೊಳ್ಳಿ.