ತುಕ್ಕು: ಅಸಲಿ

ಮುಲುಂಡಿನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ 42 ಮನೆಗಳೂ ಕಾರು ನಿಲ್ಲಿಸಲು 19 ಜಾಗಗಳೂ ಇವೆ. ಆ 19ರಲ್ಲಿ ಒಂದನ್ನು ನನ್ನ 1992ರ ಪ್ರೀಮಿಯರ್ ಪದ್ಮಿನಿ ಹಿಡಿದು ಕೂತಿರುವುದು ಜಾಗ ಸಿಗದ 23 ಮನೆಯವರ ಸಮಾನ ದುಃಖವಾಗಿದ್ದು, ಪ್ರತಿ ವಾರ್ಷಿಕ ಸಭೆಯಲ್ಲೂ ಕಾರ್ಯದರ್ಶಿಗಳು ‘ಓಡದ ವಾಹನಗಳ ವಿಲೇವಾರಿ’ ಎಂಬ ವಿಷಯವನ್ನು, ವಾಹನ ಒಂದೇ ಆಗಿದ್ದರೂ ಬಹುವಚನದಲ್ಲಿ, ಮಂಡಿಸುತ್ತಾರೆ. ಅದು ಓಡುತ್ತದೆ ಎಂದು ತೋರಿಸುವ ಸಲುವಾಗಿ ನಾನು ಭಾನುವಾರ ಬೆಳಗ್ಗೆ ಚೋಕ್ ಎಳೆದು, ವಾಚ್‌ಮನ್‌ನಿಂದ ಎರಡು ಸಲ ನೂಕಿಸಿ, ಎರಡನೆಯ ಮಹಡಿಯಲ್ಲಿ ಒಣಹಾಕಿದ ಬಟ್ಟೆಗಳವರೆಗೆ ಹೊಗೆ ಏರಿಸಿ, ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಬರುತ್ತೇನೆ. ನನ್ನ ಮಡದಿಯಂತೂ, ಯಾರಾದರೂ ಪುಣ್ಯಾತ್ಮರು ಕದ್ದೊಯ್ಯಲಿ ಎಂಬ ಆಸೆಯಿಂದ ಅದರ ಬಾಗಿಲಿಗೆ ಬೀಗ ಹಾಕುವುದನ್ನು ಬಿಟ್ಟು ನಾಲ್ಕು ವರ್ಷಗಳಾದವು. ಮುಂಬಯಿಯ ಕಳ್ಳರು ಬುದ್ಧಿವಂತರು.

ಹೀಗೆ ಒಂದೇ ಕಾರಿನಿಂದ ಇಷ್ಟು ಜನರ ವೈರ ಕಟ್ಟಿಕೊಂಡಿರುವ ನನಗೆ, ನೂರಾರು ಕಾರುಗಳನ್ನು ಕೂಡಿಹಾಕಿಕೊಂಡವರು ರಾತ್ರಿ ಹೇಗೆ ನಿದ್ದೆ ಮಾಡುತ್ತಾರೆಂಬ ಕುತೂಹಲ ಹಳೆಯದು. ಬ್ರೂನೈ ಸುಲ್ತಾನರಲ್ಲಿ 7,000ದಷ್ಟು ಕಾರುಗಳಿವೆ ಎಂದು ಪತ್ರಿಕೆಗಳು ಬರೆಯುತ್ತವೆ. ದಿನಕ್ಕೊಂದರಂತೆ ಏರಿದರೂ ಮೊದಲನೆಯ ಕಾರಿನ ಸರದಿ ಮರಳಿ ಬರುವಷ್ಟರಲ್ಲಿ 19 ವರ್ಷ ಕಳೆದಿರುತ್ತದೆ. ಹತ್ತು ದಿನ ನಿಲ್ಲಿಸಿದರೆ ಬ್ಯಾಟರಿ ಪ್ರಾಣ ಬಿಡುವಂಥ ಗಾಡಿಯ ಮಾಲೀಕನಿಗೆ ಈ ಲೆಕ್ಕ ಕೇಳಿಯೇ ಎದೆ ನಡುಗುತ್ತದೆ. 2022ರಲ್ಲಿ ಯಾರೋ ಒಬ್ಬರು 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆಯೊಂದನ್ನು 13.5 ಕೋಟಿ ಯೂರೋಗಳಿಗೆ, ಎಂದರೆ ಸಾವಿರ ಕೋಟಿ ರೂಪಾಯಿಗೂ ಮೀರಿದ ಬೆಲೆಗೆ, ಕೊಂಡರು. ಮುಲುಂಡ್ ಚೆಕ್‌ನಾಕಾದ ಬಳಿ ರಿಕ್ಷಾವೊಂದು ಅದನ್ನು ಸವರಿಕೊಂಡು ಹೋದರೆ ಆ ಮಹನೀಯರು ಯಾವ ಭಾಷೆಯಲ್ಲಿ ಬೈಯಬಲ್ಲರೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಊರಿನ ಅಲ್ಟಾಮೌಂಟ್ ರಸ್ತೆಯ ಆಂಟಿಲಿಯಾದಲ್ಲಿ ಒಂದೇ ಕುಟುಂಬಕ್ಕೆ 168 ಕಾರುಗಳಷ್ಟು ಜಾಗವಿದೆಯೆಂಬ ವರದಿಯನ್ನು ನಾನು ಸಭೆಯಲ್ಲಿ ಓದಿ ಹೇಳಿದಾಗ, ಕಾರ್ಯದರ್ಶಿಗಳು “ಹಾಗಾದರೆ ನಿಮ್ಮದನ್ನೂ ಅಲ್ಲಿಗೇ ಒಯ್ಯಿರಿ” ಎಂದರು.

ಕಳೆದ ಚಳಿಗಾಲದಲ್ಲಿ, ಮಾಟುಂಗಾದಲ್ಲಿ ಹೋಟೆಲಿಟ್ಟಿರುವ ನಮ್ಮ ಶೆಟ್ಟರಿಗೆ ಕರ್ಜತ್ ಕಡೆಯ ಫಾರ್ಮ್‌ಹೌಸೊಂದರಿಂದ ಇನ್ನೂರು ಜನರ ಬೆಳಗಿನ ಉಪಾಹಾರದ ಆರ್ಡರ್ ಬಂತು. ಅದರ ಒಡೆಯರು ದೊಡ್ಡ ಉದ್ಯಮಿ. ಹಳೆಯ ಕಾರುಗಳ ತಮ್ಮ ಸಂಗ್ರಹವನ್ನು ಅತಿಥಿಗಳಿಗೆ ತೋರಿಸುವ ದಿನವದು. ಶೆಟ್ಟರ ಟೆಂಪೋ ಇಡ್ಲಿ ವಡೆಗಳಿಂದಲೇ ತುಂಬಿಹೋಗಿ, ಸಾಂಬಾರಿನ ಒಂದು ಕೊಳಗ ಹೊರಗೆ ಉಳಿಯಿತು. “ನಿಮಗೆ ಕಾರಿನ ಮರುಳು ಉಂಟಲ್ಲ ಮಾರಾಯ್ರೆ, ಇದೊಂದು ಕೊಳಗ ನಿಮ್ಮ ಪದ್ಮಿನಿಯಲ್ಲಿ ತಂದುಬಿಡಿ; ಆ ನೆವದಲ್ಲಿ ಒಳಗೆ ಹೋಗಿ ನೋಡಿದ ಹಾಗೂ ಆಯಿತು” ಎಂದು ಅವರು ಹೇಳಿದ್ದೇ ತಡ, ನಾನು ಹಿಂದಿನ ಸೀಟಿನಲ್ಲಿ ಕೊಳಗವನ್ನೂ ಅದನ್ನು ಹಿಡಿದುಕೊಳ್ಳಲು ಹೋಟೆಲಿನ ಒಬ್ಬ ಹುಡುಗನನ್ನೂ ಕೂರಿಸಿಕೊಂಡು ಹೊರಟೆ. ಪನ್ವೇಲ್ ದಾಟುವವರೆಗೂ ಬಹಳ ಗಂಭೀರವಾಗಿ ನಡೆದುಕೊಂಡ ಪದ್ಮಿನಿ, ಫಾರ್ಮ್‌ಹೌಸಿನ ಗೇಟಿನ ಮುಂದಿನ ಉಬ್ಬಿನ ಮೇಲೆ ಒಮ್ಮೆ ಕೆಮ್ಮಿ, ಅರ್ಧ ಲೋಟ ಸಾಂಬಾರನ್ನು ಸೀಟಿಗೆ ಅರ್ಪಿಸಿ, ನಿಂತುಬಿಟ್ಟಿತು. ಗೇಟಿನ ಕಾವಲುಗಾರರು ಸಜ್ಜನರು. ಕೀಲಿ ಅದರಲ್ಲೇ ಇರಲಿ, ಗಾಡಿಯನ್ನು ನಾವು ನೋಡಿಕೊಳ್ಳುತ್ತೇವೆ ಎಂದರು. ಇಷ್ಟು ಆದರದಿಂದ ನನ್ನ ಕಾರನ್ನು ಈವರೆಗೆ ಯಾರೂ ನೂಕಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕಾರುಗಳನ್ನು ಇಟ್ಟಿದ್ದ ಜಾಗ ಉದ್ದನೆಯ ತಗಡಿನ ಶೆಡ್ಡು. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನಾನು ಕಂಡವನಾದುದರಿಂದ ಸಾಲು ಸಾಲು ಹಳೆಯ ಕಾರುಗಳು ಹೊಸದಾಗಿರಲಿಲ್ಲ; ಹೊಸದಾಗಿ ಕಂಡದ್ದು ಅವುಗಳ ಶುಶ್ರೂಷೆ. ಟೈರುಗಳು ಒಂದೇ ಕಡೆ ಚಪ್ಪಟೆಯಾಗಬಾರದೆಂದು ಕೆಲವನ್ನು ನೆಲದಿಂದ ನಾಲ್ಕು ಬೆರಳು ಮೇಲೆತ್ತಿ ನಿಲ್ಲಿಸಿದ್ದರು. ಪ್ರತಿ ಬಾನೆಟ್ಟಿನ ಕೆಳಗಿನಿಂದ ಚಾರ್ಜರಿನ ತಂತಿಯೊಂದು ಇಳಿದು ಬರುತ್ತಿದ್ದು, ಇಡೀ ಶೆಡ್ಡು ಗ್ಲೂಕೋಸ್ ಏರಿಸಿಕೊಂಡು ಮಲಗಿರುವ ವೃದ್ಧ ಜಮೀನ್ದಾರರ ವಾರ್ಡಿನಂತೆ ಕಾಣುತ್ತಿತ್ತು. ತಂತಿಗಳನ್ನು ಇಲಿ ಕಡಿಯದಂತೆ ಸೀಟುಗಳ ಕೆಳಗೆ ನುಸಿಗುಳಿಗೆ. ಎಣ್ಣೆ ತೊಟ್ಟಿಕ್ಕುವ ಕಡೆ ತಟ್ಟೆ. ಯಾವ ಕಾರಿನ ಇಂಜಿನ್ನನ್ನು ಯಾವ ದಿನ ಚಾಲೂ ಮಾಡಲಾಯಿತೆಂದು ಬರೆದಿಡುವ ರಿಜಿಸ್ಟರ್ ಒಂದು ಗೋಡೆಗೆ ತೂಗುತ್ತಿತ್ತು. ಭಾನುವಾರದ ಹೊಗೆಯ ಪ್ರದಕ್ಷಿಣೆಯನ್ನು ಇಲ್ಲಿ ಸಂಬಳ ಕೊಟ್ಟು ಮಾಡಿಸುತ್ತಿದ್ದಾರೆಂದು ತಿಳಿದು, ನನಗೂ ಆ ಉದ್ಯಮಿಗೂ ಇರುವ ಅಂತರ ಬಹಳ ಕಡಿಮೆಯಾದಂತೆ ಅನಿಸಿತು. ಒಡೆಯರೇ ಸ್ವತಃ ಕೈ ಹಾಕುವುದುಂಟೇ ಎಂದು ಅಲ್ಲಿನ ಹಿರಿಯ ಮೆಕ್ಯಾನಿಕರನ್ನು ಕೇಳಿದೆ. ಅವರು ದೇವರ ದಯೆ ಎಂಬಂತೆ ಕೈಮುಗಿದು, ಇಲ್ಲ ಎಂದರು. ಅದೂ ಸರಿಯೇ, ಅಮೆರಿಕದ ಹಾಸ್ಯನಟ ಜೇ ಲೆನೊ ತಮ್ಮ ಸಂಗ್ರಹದ 1907ರ ಉಗಿ ಕಾರಿನ ಇಂಧನದ ಕೊಳವೆಯನ್ನು ತಾವೇ ಬಿಡಿಸಲು ಹೋಗಿ 2022ರಲ್ಲಿ ಮುಖ ಸುಟ್ಟುಕೊಂಡದ್ದು ಸುದ್ದಿಯಾಗಿತ್ತು.

ಇಡ್ಲಿ ಬಡಿಸುತ್ತಿದ್ದ ಶೆಟ್ಟರಿಗೆ ನಾನು, ಸಂಗ್ರಹಕಾರರ ಕತೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದ ಷ್ಲುಂಫ್ ಸಹೋದರರ ಕತೆಯನ್ನು ಹೇಳತೊಡಗಿದೆ. ಫ್ರಾನ್ಸಿನ ಮುಲೂಸ್ ಪಟ್ಟಣದಲ್ಲಿ ಉಣ್ಣೆಯ ಮಿಲ್ಲುಗಳನ್ನು ನಡೆಸುತ್ತಿದ್ದ ಈ ಅಣ್ಣತಮ್ಮಂದಿರು, ಹಳೆಯ ನೂಲಿನ ಗಿರಣಿಯೊಂದರೊಳಗೆ ಗುಟ್ಟಾಗಿ 400ಕ್ಕೂ ಹೆಚ್ಚು ಕಾರುಗಳನ್ನು ಕೂಡಿಹಾಕಿದ್ದರು. ಅವುಗಳಲ್ಲಿ ನೂರಕ್ಕೂ ಮೀರಿ ಬುಗಾಟಿಗಳು. ವ್ಯವಹಾರ ಮುಳುಗಿ ಸಹೋದರರು ಸ್ವಿಟ್ಜರ್ಲೆಂಡಿಗೆ ಹೋದ ಮೇಲೆ, 1977ರಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ಬೀಗ ಮುರಿದು ಒಳಗೆ ಹೊಕ್ಕರೆ, ಸಂಬಳಕ್ಕೆ ದುಡ್ಡಿಲ್ಲವೆಂದಿದ್ದ ಧಣಿಗಳ ಬುಗಾಟಿಗಳು ಸಾಲಾಗಿ ಹೊಳೆಯುತ್ತಾ ನಿಂತಿದ್ದವು. 1982ರಲ್ಲಿ ಅದು ಸಾರ್ವಜನಿಕ ಮ್ಯೂಸಿಯಂ ಆಯಿತು. ಅದೇ 1982ರ ಜನವರಿಯಲ್ಲಿ ಮುಂಬಯಿಯ ಮಿಲ್ಲುಗಳ ಪ್ರದೇಶವಾದ ನಮ್ಮ ಗಿರಣಗಾಂವದ ಮುಷ್ಕರ ಶುರುವಾದದ್ದು. ಪರೇಲಿನ ಮಿಲ್ಲೊಂದರಲ್ಲಿ ದುಡಿದಿದ್ದ ನನ್ನ ಮಾವನವರಿಗೆ ಈ ಕತೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಮಿಲ್ಲಿನ ಬೀಗ ಮುರಿದಿದ್ದರೆ ಸಿಗುತ್ತಿದ್ದದ್ದು ಬೆಕ್ಕಿನ ಮರಿಗಳು” ಎಂದಿದ್ದರು.

ಪಾತ್ರೆಗಳನ್ನೆಲ್ಲ ತೊಳೆದು ಹೊರಟಾಗ ಗೇಟಿನ ಬಳಿ ನನ್ನ ಕಾರು ಇರಲಿಲ್ಲ. ಮಡದಿಯ ಹರಕೆ ಕರ್ಜತ್‌ನಲ್ಲಿ ಫಲಿಸಿತೇ ಎಂದು ಗಾಬರಿಯಾಗಿ ಹುಡುಕಿದರೆ, ಅದು ಶೆಡ್ಡಿನ ತುದಿಯಲ್ಲಿ ಮೈ ತೊಳೆಸಿಕೊಂಡು, ಹೊಟ್ಟೆಯ ಕೆಳಗೆ ಎಣ್ಣೆಯ ತಟ್ಟೆ ಇಡಿಸಿಕೊಂಡು, ಚಾರ್ಜರಿನ ತಂತಿ ಕಚ್ಚಿಕೊಂಡು, ಕನ್ನಡಿಗೆ 63 ಎಂಬ ಚೀಟಿ ಕಟ್ಟಿಸಿಕೊಂಡು ನಿಂತಿತ್ತು. ಆಗಿದ್ದಿಷ್ಟೇ: ಕೊಲ್ಹಾಪುರದಿಂದ ಕೊಂಡಿದ್ದ, ನೋಡಲು ಪದ್ಮಿನಿಯಂತೆಯೇ ಇರುವ ಹಳೆಯ ಫಿಯೆಟ್ ಒಂದು ಅಂದು ಬರಬೇಕಿತ್ತು. ಟ್ಯಾಕ್ಸಿಯಾಗಿದ್ದ ಪದ್ಮಿನಿಗಳೆಲ್ಲ 2023ರ ಅಕ್ಟೋಬರಿನ ಕೊನೆಗೆ ಮುಂಬಯಿಯ ರಸ್ತೆಯಿಂದ ನಿವೃತ್ತವಾದ ಮೇಲೆ, ಇಂಥದ್ದೊಂದು ಗಾಡಿಯನ್ನು ಓಡಾಟಕ್ಕೆಂದೇ ಇಟ್ಟುಕೊಂಡಿರುವ ಮನುಷ್ಯನಿರಬಹುದೆಂದು ಕಾವಲುಗಾರರಿಗೆ ಹೊಳೆಯಲೇ ಇಲ್ಲ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಅದರ ತಪಾಸಣಾ ವರದಿಯನ್ನೂ ಬರೆದು ಮುಗಿಸಿದ್ದ. ನಾನು ಅದನ್ನು ಓದಿದೆ. ಬಣ್ಣ: ಮೂರು. ಗೇರಿನ ಕೋಲು: ನೆಲದಲ್ಲಿ ಇಲ್ಲ, ಕಳವಾಗಿರಬಹುದು. (ಪದ್ಮಿನಿಯಲ್ಲಿ ಅದು ಸ್ಟೇರಿಂಗಿನ ಪಕ್ಕದಲ್ಲಿರುತ್ತದೆಂದು ಆ ಮಗುವಿಗೆ ಯಾರು ಹೇಳಬೇಕು!) ಹಿಂದಿನ ಸೀಟು: ಹಳದಿ ಕಲೆ, ಇಂಗಿನ ವಾಸನೆ. ತುಕ್ಕು: ಅಸಲಿ, ಮುಟ್ಟತಕ್ಕದ್ದಲ್ಲ.

ಕಾರು ನನ್ನದೆಂದರೆ ಮ್ಯಾನೇಜರ್ ನಂಬಲಿಲ್ಲ. ಹಾಗಾದರೆ ವಿಂಟೇಜ್ ನೋಂದಣಿಯ ಕಾಗದ ತೋರಿಸಿ ಎಂದರು. ಕೇಂದ್ರ ಸರ್ಕಾರದ 2021ರ ನಿಯಮದಂತೆ ಆ ಗೌರವಕ್ಕೆ ವಾಹನಕ್ಕೆ 50 ವರ್ಷ ಮೀರಿರಬೇಕು. ನನ್ನದು 2042ರವರೆಗೆ ಬರೀ ಹಳೆಯದು, ಅಷ್ಟೇ. ಆರ್‌ಸಿ ಪುಸ್ತಕದ ಚಿತ್ರ ಕಳುಹಿಸೆಂದು ಮಡದಿಗೆ ಫೋನ್ ಮಾಡಿದೆ. ಅವಳಿಂದ ಉತ್ತರ ಬರಲು ಒಂದು ಗಂಟೆ ಹಿಡಿಯಿತು. ಕಪಾಟು ಅವಳು ಕೂರುವ ಸೋಫಾದಿಂದ ಆರು ಹೆಜ್ಜೆ ದೂರದಲ್ಲಿದೆ. ಚಿತ್ರ ಬಂದ ಮೇಲೂ ತೊಡಕು ತೀರಲಿಲ್ಲ, ಏಕೆಂದರೆ 63 ಎಂಬ ಸಂಖ್ಯೆ ರಿಜಿಸ್ಟರಿನಲ್ಲಿ ಏರಿಯಾಗಿತ್ತು. ಏರಿದ್ದು ಗೇಟ್ ಪಾಸ್ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಅಲ್ಲಿಂದ ಕಾರುಗಳು ರಿಪೇರಿಗೆಂದು ಮಾತ್ರ ಹೊರಗೆ ಹೋಗುವುದರಿಂದ, ಕಚೇರಿಯಲ್ಲಿದ್ದದ್ದು ಒಂದೇ ಬಗೆಯ ಪುಸ್ತಕ: ‘ರಿಟರ್ನೆಬಲ್’. ಕಾರಣ ಎಂಬಲ್ಲಿ ‘ದುರಸ್ತಿ’ ಎಂದೂ, ಮರಳಿಸುವ ಅವಧಿ ಎಂಬಲ್ಲಿ ‘ಒಂದು ತಿಂಗಳು’ ಎಂದೂ ಬರೆದು, ನನ್ನ ಸಹಿಯನ್ನೂ ಮೊಬೈಲ್ ಸಂಖ್ಯೆಯನ್ನೂ ತೆಗೆದುಕೊಂಡು, ಅವರು ನನ್ನ ಕಾರನ್ನು ನನಗೆ ಎರವಲು ಕೊಟ್ಟರು. ಚಾರ್ಜ್ ಆಗಿದ್ದ ಬ್ಯಾಟರಿಯ ಬಲದಿಂದ ಅದು ಒಂದೇ ಏಟಿಗೆ ಚಾಲೂ ಆಯಿತು.

ತಿಂಗಳು ತುಂಬಿದ ಮರುದಿನ ಬೆಳಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಮೊಬೈಲ್ ಮೊಳಗಿತು. 63ನೆಯ ನಂಬರಿನ ವಾಹನ ಇನ್ನೂ ಮರಳಿ ಬಂದಿಲ್ಲವೆಂದು ಫಾರ್ಮ್‌ಹೌಸಿನ ಕಚೇರಿಯವರು ವಿಚಾರಿಸುತ್ತಿದ್ದರಂತೆ. ನಾನು ಟವೆಲು ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಮಡದಿ ಫೋನ್ ಹಿಡಿದು, ನಾನು ಅವಳಲ್ಲಿ ಎಂದೂ ಕಾಣದ ವಿನಯದಿಂದ, ತಡವಾದುದಕ್ಕೆ ಕ್ಷಮೆ ಕೇಳಿ, ಕ್ರೇನನ್ನು ಅವರೇ ಕಳುಹಿಸುವರೋ ಅಥವಾ ಇಲ್ಲಿಂದಲೇ ಗೊತ್ತುಮಾಡಬೇಕೋ ಎಂದು ಕೇಳುತ್ತಿದ್ದಳು.